ಯಾರ ಹೊತ್ತಿಗೆ ಯಾರ ಲೆಕ್ಕ?

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕಾಮಗಾರಿಗೆ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು. ಬೆಂಗಳೂರಿನ ನೆಲದಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು. ಅದರ ಮಹತ್ವವನ್ನು ಊರಿಗೆ ತಿಳಿಸಿದವರಲ್ಲಿ, ಹಣ ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿಸಿದವರಲ್ಲಿ ಹೆಚ್ಚಿನವರು ಶಾಸನ ಓದಿ ಸಂಬಳ ಪಡೆಯುವವರಲ್ಲ. ಅಲ್ಲಿನ ನಿವಾಸಿಗಳು, ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಭಾನುವಾರ ಕಲ್ಲು ಹುಡುಕುತ್ತ ತಿರುಗುವವರು.

ಹೀಗೆ ತಿರುಗುವವರಿಗೆ ದಾರಿ ತೋರಿಸುವುದು ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯ ಶಾಸನಗಳದು. ಅಂದು ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ಇದ್ದ ಎಷ್ಟೋ ಕಲ್ಲುಗಳು ನಗರ ಬೆಳೆದಂತೆ ಕಾಣೆಯಾಗಿವೆ. ಕೆಲವು ಕಾಂಪೌಂಡ್ ಗೋಡೆಗೆ ಸೇರಿವೆ, ಕೆಲವು ಚರಂಡಿಯ ಚಪ್ಪಡಿಯಾಗಿವೆ. ಪಟ್ಟಿ ಹಿಡಿದು, ಊರ ಹಿರಿಯರನ್ನು ಕೇಳುತ್ತ, ಉಳಿದದ್ದನ್ನು ಹುಡುಕಿ ಗುರುತಿಸುವುದು ಇವರ ರಜೆಯ ಕೆಲಸ.

ಇಂಥವರಿಗೂ, ಹಕ್ಕಿ ನೋಡುವವರಿಗೂ, ಹಳೆಯ ನಾಣ್ಯ ಕೂಡಿಡುವವರಿಗೂ, ರಾತ್ರಿ ತಾರಸಿಯ ಮೇಲೆ ದೂರದರ್ಶಕ ಇಟ್ಟು ಶನಿಗ್ರಹದ ಬಳೆ ಹುಡುಕುವವರಿಗೂ ಮನೆಯಲ್ಲಿ, ನೆಂಟರ ನಡುವೆ, ಕಚೇರಿಯಲ್ಲಿ ಎದುರಾಗುವ ಪ್ರಶ್ನೆ ಒಂದೇ. ಇದರಿಂದ ಏನು ಬರುತ್ತದೆ? ಸ್ವಲ್ಪ ಸಲುಗೆ ಇದ್ದವರಾದರೆ ಇನ್ನೊಂದು ಮಾತು ಸೇರಿಸುತ್ತಾರೆ: ಮಾಡೋಕೆ ಬೇರೆ ಕೆಲಸ ಇಲ್ಲವಾ? ಕೇಳುವವರು ಕೆಟ್ಟವರಲ್ಲ. ಹೆಚ್ಚಿನ ಸಲ ಅವರು ನಮ್ಮ ಹತ್ತಿರದವರೇ, ನಮ್ಮ ಒಳಿತನ್ನೇ ಬಯಸುವವರು. ಆದರೂ ಆ ಪ್ರಶ್ನೆ ಯಾಕೆ ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ? ಮೇಲುನೋಟಕ್ಕೆ ಅದು ಹವ್ಯಾಸದ ಬಗ್ಗೆ ಕೇಳಿದ ಪ್ರಶ್ನೆ. ಅದರ ಒಳಗಿರುವುದು ಈ ಮನುಷ್ಯನ ಹೊತ್ತು ಯಾರಿಗೆ ಸೇರಿದ್ದು ಎಂಬ ಬೇರೆಯೇ ವಿಚಾರಣೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೊದಲು ಗಮನಿಸಬೇಕಾದ್ದು, ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದಿಲ್ಲ. ಐಪಿಎಲ್ ನಡೆಯುವ ದಿನಗಳಲ್ಲಿ ಒಂದೊಂದು ಪಂದ್ಯಕ್ಕೂ ಮೂರೂವರೆ ಗಂಟೆ ಕೂರುವ ಮನೆಗಳಲ್ಲಿ ಅದರಿಂದ ಏನು ಬರುತ್ತದೆ ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ಕೇಳಬೇಕೆಂದೂ ನಾನು ಹೇಳುತ್ತಿಲ್ಲ, ಆ ಸಂತೋಷ ದೊಡ್ಡದು. ಆದರೆ ಅದೇ ಮನೆಯ ಹುಡುಗಿ ಬೆಳಿಗ್ಗೆ ಆರಕ್ಕೆದ್ದು ಲಾಲ್‌ಬಾಗಿನಲ್ಲಿ ಒಂದು ಗಂಟೆ ಕುಟ್ರುಹಕ್ಕಿಯ ಗೂಡಿನ ಮುಂದೆ ನಿಂತು ಬಂದರೆ ಲೆಕ್ಕ ಶುರುವಾಗುತ್ತದೆ. ಹತ್ತು ಜನ ಒಟ್ಟಿಗೆ ಮಾಡುವುದಕ್ಕೆ ಸಮರ್ಥನೆ ಬೇಕಿಲ್ಲ, ಒಬ್ಬರೇ ಮಾಡುವುದಕ್ಕೆ ಬೇಕು. ಗುಂಪಿನೊಳಗೆ ಕಳೆದ ಹೊತ್ತು ಗುಂಪಿಗೇ ಸಂದಾಯವಾಗಿರುತ್ತದೆ. ಒಂಟಿಯಾಗಿ ಕಳೆದದ್ದು ಯಾರ ಪಾಲಿಗೂ ಬರಲಿಲ್ಲ ಎಂಬ ಅಸಮಾಧಾನ ಉಳಿಯುತ್ತದೆ.

ನಮ್ಮ ಹಳೆಯ ಹವ್ಯಾಸಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿಗೆ ತಿರುಗಾಟಕ್ಕೆ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿದ ಮೇಲೆ ಬಯಲಲ್ಲಿ ಆಟವಿಲ್ಲ. ಆಗ ಜಗಲಿಯಲ್ಲಿ, ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೃಷ್ಣನಾಗಿ, ಕೌರವನಾಗಿ, ವಾಲಿಯಾಗಿ ಬರೆದಿಟ್ಟ ಮಾತಿಲ್ಲದೆ ರಾತ್ರಿಯಿಡೀ ವಾದ ಹೂಡುತ್ತಾರೆ. ಹಾಗೆ ಕೂತವರಲ್ಲಿ ಶಾಲೆಯ ಮೇಷ್ಟ್ರು, ಅಡಿಕೆ ಬೆಳೆಗಾರರು, ವಕೀಲರು, ಬ್ಯಾಂಕಿನ ನೌಕರರು ಎಲ್ಲರೂ ಇದ್ದರು, ಈಗಲೂ ಇದ್ದಾರೆ. ಅರ್ಥ ಹೇಳಬೇಕಾದರೆ ಪುರಾಣ ತಿಳಿದಿರಬೇಕು, ಎದುರಾಳಿಯ ಒಂದು ಮಾತಿನ ಎಳೆ ಹಿಡಿದು ಅಲ್ಲೇ ಉತ್ತರ ಕಟ್ಟುವ ಚುರುಕು ಬೇಕು, ಪಾತ್ರದ ಗೌರವ ಕೆಡದಂತೆ ಸೋಲಲೂ ಗೊತ್ತಿರಬೇಕು. ವರ್ಷಗಟ್ಟಲೆ ಹೊತ್ತು ಹಾಕದೆ ಇದು ಬರುವುದಿಲ್ಲ. ಹಾಗಿದ್ದೂ ಊರು ಅದನ್ನು ಕಾಲಹರಣ ಎನ್ನಲಿಲ್ಲ. ಮಳೆಗಾಲದ ಆ ಹೊತ್ತು ಊರಿನದೇ ಆಗಿತ್ತು, ಕೇಳಲು ಊರೇ ಕೂತಿರುತ್ತಿತ್ತು.

ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಮ್ಸನ್ 1967ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಓದಬೇಕಾದ್ದು. ಗಿರಣಿ ಬರುವ ಮೊದಲು ಜನರ ದಿನ ಕೆಲಸದ ಸುತ್ತ ತಿರುಗುತ್ತಿತ್ತು: ಹಾಲು ಕರೆಯುವಷ್ಟು ಹೊತ್ತು, ಕೊಯ್ಲು ಮುಗಿಯುವಷ್ಟು ಹೊತ್ತು. ದುಡಿಮೆ ಮತ್ತು ಹರಟೆ ಒಂದರೊಳಗೊಂದು ಸೇರಿಕೊಂಡಿದ್ದವು. ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುವ ಯಜಮಾನ ಬಂದ ಮೇಲೆ ಹೊತ್ತು ಖರ್ಚಾಗುವ, ಉಳಿಯುವ, ಹಾಳಾಗುವ ವಸ್ತುವಾಯಿತು ಎಂಬುದು ಅವರ ವಾದ. ನಮ್ಮಲ್ಲಿಯೂ ಸುಗ್ಗಿ ಕಳೆದ ಬಿಡುವನ್ನು ಯಾರೂ ಪೋಲು ಎಂದು ಕರೆದದ್ದಿಲ್ಲ. ಬಿಡುವು ಆಗ ಕಾಲದ್ದೇ ಒಂದು ಭಾಗ. ಪಟ್ಟಣಕ್ಕೆ ಬಂದು ಪಾಳಿಯ ಕೆಲಸಕ್ಕೆ, ತಿಂಗಳ ಸಂಬಳಕ್ಕೆ ಸೇರಿಕೊಂಡ ನಾವು ಯಜಮಾನನ ಗಡಿಯಾರವನ್ನು ಮನೆಯೊಳಗೂ ತೂಗುಹಾಕಿಕೊಂಡೆವು. ಈಗ ಅಪ್ಪ ಮಗನಿಗೆ, ಅಣ್ಣ ತಂಗಿಗೆ ಮೇಸ್ತ್ರಿಯ ಹಾಗೆ ಲೆಕ್ಕ ಕೇಳುತ್ತಾರೆ.

ಅಪ್ಪನ ಭಯವನ್ನು ಮಾತ್ರ ಹಗುರವಾಗಿ ನೋಡಬಾರದು. ನಾಟಕದ ಹುಚ್ಚಿಗೆ ಹೊಲ ಮಾರಿ ಕಂಪನಿ ಕಟ್ಟಿ, ಒಂದು ಮಳೆಗಾಲದ ಕ್ಯಾಂಪು ಕೈಕೊಟ್ಟಾಗ ಪರದೆಗಳನ್ನೂ ಅಡವಿಟ್ಟು ಬರಿಗೈಯಲ್ಲಿ ಊರಿಗೆ ಮರಳಿದವರ ಕಥೆಗಳು ಉತ್ತರ ಕರ್ನಾಟಕದ, ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿವೆ. ಆ ಮನೆಯ ಮಕ್ಕಳು ಸ್ಕೂಲು ಬಿಟ್ಟದ್ದು ಕಥೆಯಲ್ಲ, ನಡೆದದ್ದು. ಬೀಡಿ ಕಟ್ಟಿ ಮಗನನ್ನು ಓದಿಸಿದ ದಕ್ಷಿಣ ಕನ್ನಡದ ತಾಯಿಗೆ ಹೊತ್ತು ಎಂದರೆ ಮೊರದಲ್ಲಿ ಕಾಣುವ ಬೀಡಿಗಳ ಎಣಿಕೆ. ಸಾವಿರ ತುಂಬಿದರೆ ಇಷ್ಟು, ತುಂಬದಿದ್ದರೆ ಇಲ್ಲ. ಅವಳ ಮಗ ಪಿಯುಸಿಯಲ್ಲಿ ಚೆಂಡೆ ಕಲಿಯಲು ಹೊರಟರೆ ಅವಳು ಬೇಡ ಎನ್ನುವುದು ಕಲೆಯ ಮೇಲಿನ ತಿರಸ್ಕಾರದಿಂದ ಅಲ್ಲ. ಬಡತನದಿಂದ ಹೊರಬರಲು ಇರುವುದು ಒಂದೇ ಬಾಗಿಲು, ಅದು ಪರೀಕ್ಷೆಯ ಬಾಗಿಲು ಎಂದು ಅವಳು ಕಂಡುಕೊಂಡಿದ್ದಾಳೆ. ಆ ಬಾಗಿಲು ಮುಚ್ಚಿಹೋದೀತು ಎಂಬ ದಿಗಿಲು ಅವಳದು. ಆದರೆ ಮಗ ಕೆಲಸ ಹಿಡಿದು, ಮನೆ ಕಟ್ಟಿ, ನಲವತ್ತು ದಾಟಿದ ಮೇಲೂ ಅದೇ ದಿಗಿಲು ಉಳಿದುಕೊಂಡಿರುತ್ತದೆ. ಕಾರಣ ಹೋಗಿಬಿಟ್ಟಿದೆ, ಕಟ್ಟಳೆ ಉಳಿದಿದೆ. ಈಗ ಆ ಮಗನೇ ತನ್ನ ಮಗಳಿಗೆ ಅದನ್ನು ದಾಟಿಸುತ್ತಾನೆ, ಏನನ್ನೂ ಅಡವಿಡಬೇಕಾಗಿಲ್ಲದ ಮನೆಯಲ್ಲಿ ಕುಳಿತು.

ಇನ್ನೊಂದು ಕಾರಣ ಸರಳವಾದದ್ದು. ಹವ್ಯಾಸದ ಒಳಗಿರುವುದು ಹೊರಗಿನವರಿಗೆ ಕಾಣುವುದೇ ಇಲ್ಲ. ಶಾಸನದ ಕಲ್ಲಿನ ಮುಂದೆ ಅರ್ಧ ದಿನ ಕೂತವನನ್ನು ನೋಡುವವರಿಗೆ ಕಾಣುವುದು ಕಲ್ಲು ಮತ್ತು ಅವನು. ಸವೆದ ಅಕ್ಷರ ನಡುಮಧ್ಯಾಹ್ನದ ಬೆಳಕಿಗೆ ತೋರುವುದಿಲ್ಲ, ಬೆಳಕು ಓರೆಯಾಗಿ ಬೀಳಬೇಕು ಎಂದು ಅವನಿಗೆ ಗೊತ್ತು. ಎಂಟನೆಯ ಶತಮಾನದ ಅಕ್ಷರ ಯಾವ ಬಗೆಯದು, ಹನ್ನೆರಡರ ಹೊತ್ತಿಗೆ ಅದು ಹೇಗೆ ದುಂಡಗಾಯಿತು ಎಂದು ಗೊತ್ತು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಕೆಂಪೇಗೌಡರು ಊರು ಕಟ್ಟುವ ಆರು ಶತಮಾನಗಳಿಗೂ ಮೊದಲು ಆ ಹೆಸರಿನ ಒಂದು ಜಾಗ ಇತ್ತೆಂದು ಅದರಿಂದಲೇ ನಮಗೆ ತಿಳಿದದ್ದು. ಇದೆಲ್ಲ ತಲೆಯಲ್ಲಿ ತುಂಬಿಕೊಂಡು ಕಲ್ಲಿನ ಎದುರು ಕೂತವನ ಅರ್ಧ ದಿನವೂ ಅದರ ಪಕ್ಕದಲ್ಲಿ ಬೈಕು ನಿಲ್ಲಿಸಿ ಹೋದವನ ಅರ್ಧ ನಿಮಿಷವೂ ಕಳೆದದ್ದು ಒಂದೇ ಜಾಗದಲ್ಲಿ ಅಲ್ಲ. ಹಕ್ಕಿ ನೋಡುವವರದೂ ಹಾಗೆಯೇ. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಪುಟ್ಟ ಉಲಿಯಕ್ಕಿಗಳಲ್ಲಿ ಕೆಲವನ್ನು ಬಣ್ಣದಿಂದ ಬೇರ್ಪಡಿಸುವುದು ಕಷ್ಟ, ದನಿಯಿಂದಲೇ ಹಿಡಿಯಬೇಕು. ಹೊಂಗೆ ಮರದ ಕೆಳಗೆ ಕಿವಿಗೊಟ್ಟು ನಿಂತವನು ಸುಮ್ಮನೆ ನಿಂತ ಹಾಗೆ ಕಾಣುತ್ತಾನೆ. ಹೊರಗಿನವರ ತಪ್ಪು ಎಂದು ನಾನು ಇದನ್ನು ಹೇಳುತ್ತಿಲ್ಲ. ಕಾಣದ್ದನ್ನು ಇಲ್ಲ ಎಂದು ತೀರ್ಮಾನಿಸುವ ಮೊದಲು ಒಂದು ಪ್ರಶ್ನೆ ಕೇಳಬಹುದಿತ್ತಲ್ಲ ಎಂಬುದಷ್ಟೇ ನನ್ನ ಬೇಸರ.

ಈ ತಿರಸ್ಕಾರಕ್ಕೆ ಹವ್ಯಾಸಿಗಳು ಸಾಮಾನ್ಯವಾಗಿ ಕೊಡುವ ಉತ್ತರವೊಂದಿದೆ. ಅದು ಗೆಲ್ಲುವ ಉತ್ತರ, ಆದರೂ ನನಗೆ ಒಪ್ಪಿಗೆಯಾಗದ್ದು. ಚಾರ್ಲ್ಸ್ ಡಾರ್ವಿನ್ ಎಳೆಯ ವಯಸ್ಸಿನಲ್ಲಿ ಬೇಟೆ, ನಾಯಿ, ಇಲಿಗಳ ಹಿಂದೆ ಬಿದ್ದಾಗ ವೈದ್ಯರಾಗಿದ್ದ ತಂದೆ, ಇವನು ಮನೆತನಕ್ಕೇ ಕಳಂಕ ತರುತ್ತಾನೆ ಎಂದು ಬೈದಿದ್ದರು. 1831ರಲ್ಲಿ ಬೀಗಲ್ ಹಡಗಿನ ಪ್ರಯಾಣಕ್ಕೂ ಅವರು ಮೊದಲಿಗೆ ಒಪ್ಪಲಿಲ್ಲ, ಸೋದರಮಾವ ಹೇಳಿದ ಮೇಲೆ ಕಳಿಸಿದರು. ವಿಲಿಯಂ ಹರ್ಷೆಲ್ ಸಂಗೀತ ಹೇಳಿಕೊಟ್ಟು ಬದುಕುತ್ತಿದ್ದವರು. 1781ರಲ್ಲಿ ತಾವೇ ಉಜ್ಜಿ ಮಾಡಿದ ಕನ್ನಡಿಯ ದೂರದರ್ಶಕದಲ್ಲಿ ಮನೆಯ ಹಿತ್ತಲಿನಿಂದ ಯುರೇನಸ್ ಗ್ರಹ ಕಂಡರು. ನಮ್ಮ ಟಿ.ಪಿ. ಕೈಲಾಸಂ ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಸರ್ಕಾರಿ ಕೆಲಸ ಬಿಟ್ಟು ನಾಟಕಕ್ಕೆ ಅಂಟಿಕೊಂಡರು. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಪ್ರಭೇದಗಳನ್ನು ಪರಿಶೀಲಿಸಿದ್ದು ಸುಮಾರು 30,000 ಹಕ್ಕಿ ವೀಕ್ಷಕರು ದಾಖಲಿಸಿದ ಸುಮಾರು 3 ಕೋಟಿ ಟಿಪ್ಪಣಿಗಳಿಂದ. ನೋಡಿ, ಹವ್ಯಾಸದಿಂದ ಎಷ್ಟು ಉಪಯೋಗವಾಯಿತು ಎಂದು ಹೇಳಿದರೆ ಎದುರಿನವರು ಸುಮ್ಮನಾಗುತ್ತಾರೆ.

ಆದರೆ ಹೀಗೆ ಗೆದ್ದ ಕೂಡಲೇ ನಾವು ಅವರ ಅಳತೆಗೋಲನ್ನೇ ಒಪ್ಪಿಕೊಂಡಂತಾಯಿತು. ಡಾರ್ವಿನ್ ಓದುತ್ತಿದ್ದ ಕಾಲದ ಇಂಗ್ಲೆಂಡಿನಲ್ಲಿ ದುಂಬಿ ಹಿಡಿಯುವ ಹುಚ್ಚು ಅವನ ಹಾಗೆಯೇ ಬಹಳ ಜನರಿಗಿತ್ತು. ಪಾದ್ರಿಗಳು, ವಿದ್ಯಾರ್ಥಿಗಳು, ಜಮೀನುದಾರರು ಡಬ್ಬಿ ಡಬ್ಬಿ ತುಂಬಿಸಿಟ್ಟರು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಅವರ ಭಾನುವಾರಗಳೆಲ್ಲ ಹಾಳಾದವೇ? ಜಗಲಿಯಲ್ಲಿ ಮುನ್ನೂರು ರಾತ್ರಿ ಅರ್ಥ ಹೇಳಿಯೂ ಪಕ್ಕದ ತಾಲ್ಲೂಕಿಗೆ ಹೆಸರು ಹೋಗದ ಮೇಷ್ಟ್ರ ಹೊತ್ತು ಹಾಳಾಯಿತೇ? ನಾನು ಇಲ್ಲ ಎನ್ನುತ್ತೇನೆ. ಕೌರವನ ಪಕ್ಷ ಹಿಡಿದು ಕೃಷ್ಣನ ಎದುರು ಮಾತಾಡಿದ ಆ ಒಂದು ಗಂಟೆಯಲ್ಲಿ ಆತ ಪೂರ್ತಿಯಾಗಿ ಬದುಕಿದ್ದರು. ಅದಕ್ಕಿಂತ ಬೇರೆ ಪುರಾವೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಈಗಂತೂ ಉಪಯೋಗದ ಒತ್ತಾಯ ಹೊಸ ರೂಪದಲ್ಲಿ ಬಂದಿದೆ, ಮೆಚ್ಚುಗೆಯ ಮಾತಿನಲ್ಲಿ. ಚೆನ್ನಾಗಿ ಅಡುಗೆ ಮಾಡುತ್ತೀಯ, ಯೂಟ್ಯೂಬ್ ಚಾನೆಲ್ ಶುರು ಮಾಡು. ಕುಂಡದಲ್ಲಿ ಗಿಡ ಚೆನ್ನಾಗಿ ಬೆಳೆಸುತ್ತೀಯ, ನರ್ಸರಿ ಇಡು. ಚಿತ್ರ ಬಿಡಿಸುತ್ತೀಯ, ಆನ್‌ಲೈನಿನಲ್ಲಿ ಮಾರು. ಹೇಳುವವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ದುಡ್ಡಾಗದಿದ್ದರೆ ಇದಕ್ಕೆ ಅರ್ಥವಿಲ್ಲ ಎಂಬ ಅದೇ ತೀರ್ಪು ಈ ಸಲಹೆಯಲ್ಲೂ ಇದೆ. ಹಾಗೆ ಚಾನೆಲ್ ತೆರೆದವರು ಆರು ತಿಂಗಳಲ್ಲಿ ಎಷ್ಟು ಜನ ನೋಡಿದರು ಎಂಬ ಎಣಿಕೆಗೆ ಬಿದ್ದು, ಸಾರಿಗೆ ಒಗ್ಗರಣೆ ಹಾಕುವಾಗಲೂ ಫೋನಿನ ಕೋನ ನೋಡತೊಡಗುತ್ತಾರೆ. ಬದುಕಿನಲ್ಲಿ ಲೆಕ್ಕವಿಲ್ಲದೆ ಉಳಿದಿದ್ದ ಒಂದು ಮೂಲೆಯೂ ಹೀಗೆ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ.

ಹವ್ಯಾಸವನ್ನು ಹೊತ್ತು ಹಾಳು ಎನ್ನುವವರು ಇತರರಿಗೆ ಮಾತ್ರ ಕಟುವಾಗಿರುವುದಿಲ್ಲ, ತಮಗೂ ಹಾಗೆಯೇ. ಅಮೆರಿಕದ ಸಂಶೋಧಕಿ ಗೇಬ್ರಿಯೆಲಾ ಟೋನಿಯೆಟ್ಟೊ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವು ಎಂದರೆ ಪೋಲು ಎಂದು ನಂಬಿದವರಿಗೆ ತಮ್ಮ ಬಿಡುವಿನಲ್ಲೂ ಸುಖ ಸಿಗುವುದು ಕಡಿಮೆ ಎಂದು ಕಂಡುಬಂತು. ಇಂಥವರಲ್ಲಿ ಆತಂಕ, ಖಿನ್ನತೆ, ಒತ್ತಡ ಹೆಚ್ಚು ಎಂದೂ ತಿಳಿಯಿತು. 2017ರ ಇನ್ನೊಂದು ಅಧ್ಯಯನದಲ್ಲಿ, ಪುರಸೊತ್ತೇ ಇಲ್ಲ ಎನ್ನುವ ಮನುಷ್ಯನನ್ನು ಅಮೆರಿಕನ್ನರು ದೊಡ್ಡ ಅಂತಸ್ತಿನವನು ಎಂದು ಭಾವಿಸಿದರು; ಇಟಲಿಯವರು ಬಿಡುವಾಗಿರುವವನನ್ನೇ ಹಾಗೆ ಭಾವಿಸಿದರು. ನಮ್ಮ ನಗರಗಳು ಯಾವ ಕಡೆ ವಾಲಿವೆ ಎಂದು ಹೇಳಲು ಅಧ್ಯಯನ ಬೇಕಿಲ್ಲ. ಎಷ್ಟೋ ಸಲ ಅತಿ ಗಟ್ಟಿಯಾಗಿ ಗದರಿಸುವವರು ಒಂದು ಕಾಲದಲ್ಲಿ ಕೊಳಲನ್ನೋ ಕುಂಚವನ್ನೋ ಕೆಳಗಿಟ್ಟವರು. ಯಾರದೋ ಮಾತು ಕೇಳಿ ಅವರು ಬಿಟ್ಟಿದ್ದಾರೆ. ಬಿಡದೆ ಹಿಡಿದುಕೊಂಡವನು ಎದುರಿಗೆ ಬಂದಾಗ, ತಾವು ತೆತ್ತ ಬೆಲೆ ವ್ಯರ್ಥವಾಯಿತೇನೋ ಎಂಬ ನೋವು ಅವರನ್ನು ಕಾಡುತ್ತದೆ.

ಹೀಗೆ ಹವ್ಯಾಸ ಬಿಟ್ಟದ್ದರ ಫಲ ನಿವೃತ್ತಿಯ ನಂತರ ತಿಳಿಯುತ್ತದೆ. 16 ದೇಶಗಳ 65 ದಾಟಿದ 93,263 ಜನರ ಮಾಹಿತಿ ಒಟ್ಟುಗೂಡಿಸಿ 2023ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ, ಬದುಕಿನ ತೃಪ್ತಿ ಹೆಚ್ಚು. ಇದನ್ನೂ ನಾನು ಉಪಯೋಗದ ವಾದವಾಗಿ ಮುಂದಿಡುತ್ತಿಲ್ಲ. ಅರವತ್ತರ ತನಕ ಕೆಲಸ ಬಿಟ್ಟು ಬೇರೇನನ್ನೂ ಪ್ರೀತಿಸಲು ಅವಕಾಶವಿಲ್ಲದ ಮನುಷ್ಯನಿಗೆ ಅರವತ್ತೊಂದಕ್ಕೆ ಹವ್ಯಾಸ ಬೆಳೆಸಿಕೋ ಎಂದು ಬುದ್ಧಿ ಹೇಳುವುದು ಎಷ್ಟು ಕಠೋರ ಎಂದು ಯೋಚಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಹವ್ಯಾಸಿಗಳ ಕಡೆಯವನಾದ ನಾನು ಅವರಿಗೆ ಹಿತವಾಗದ ಒಂದು ಮಾತು ಹೇಳಬೇಕು. ಇಲ್ಲಿಯವರೆಗೆ ನಾನು ತೆಗೆದುಕೊಂಡ ಉದಾಹರಣೆಗಳಲ್ಲಿ ಹೆಚ್ಚಿನವು ಗಂಡಸರವು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಐದು ಗಂಟೆ ಒಂದು ಕಡೆ, ಒಂದೂವರೆ ಗಂಟೆ ಇನ್ನೊಂದು ಕಡೆ, ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರನ್ನು ಮಾತ್ರ ಲೆಕ್ಕಕ್ಕೆ ಹಿಡಿದಾಗ. ಭಾನುವಾರ ಮುಂಜಾವಕ್ಕೆ ಚಾರಣಕ್ಕೆ ಹೊರಡುವವನ ಬೆನ್ನಚೀಲದಲ್ಲಿರುವ ಚಿತ್ರಾನ್ನ ಯಾರೋ ನಾಲ್ಕು ಗಂಟೆಗೆ ಎದ್ದು ಮಾಡಿದ್ದು. ಅವನು ಸಂಜೆ ಬರುವವರೆಗೆ ಮಕ್ಕಳನ್ನು, ಅತ್ತೆ ಮಾವಂದಿರನ್ನು ನೋಡಿಕೊಂಡವರೂ ಅವರೇ. ಆ ಹೆಂಡತಿ, ಬೆಟ್ಟ ಹತ್ತಿ ಏನು ಬರುತ್ತದೆ ಎಂದು ಕೇಳಿದರೆ ಅದು ಬೆಟ್ಟದ ಮೇಲಿನ ದೂರಲ್ಲ. ಅವಳ ಭಾನುವಾರ ಎಲ್ಲಿಗೆ ಹೋಯಿತು ಎಂದು ಅವಳು ಕೇಳುತ್ತಿದ್ದಾಳೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಡಾರ್ವಿನ್ನನ ಕಥೆ ಉತ್ತರವಾಗುವುದಿಲ್ಲ.

ಹೆಂಗಸರ ಹವ್ಯಾಸಗಳಲ್ಲಿ ಮನೆ ಯಾವುದನ್ನು ಒಪ್ಪಿತು, ಯಾವುದನ್ನು ಒಪ್ಪಲಿಲ್ಲ ಎಂದು ನೋಡಿದರೂ ಇದೇ ಸತ್ಯ ಕಾಣುತ್ತದೆ. ಧಾರವಾಡದ ಕಡೆಯ ಕಸೂತಿಯನ್ನೇ ತೆಗೆದುಕೊಳ್ಳಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿ ಮತ್ತು ಮುರ್ಗಿಯಲ್ಲಿ ಹಿಂದೆ ಮುಂದೆ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತುಳಸಿಕಟ್ಟೆ, ಅಂಬಾರಿಯ ಆನೆ ಮೂಡಿಸಲು ತಿಂಗಳುಗಟ್ಟಲೆ ಕಣ್ಣು ಸವೆಸಿದವರನ್ನು ಯಾರೂ ಹೊತ್ತು ಹಾಳು ಮಾಡುತ್ತೀ ಎನ್ನಲಿಲ್ಲ. ಸೀರೆ ಮನೆಯದು, ಕುಲಾವಿ ಮಗುವಿನದು, ಆ ಹೊತ್ತು ಮನೆಗೇ ಜಮೆಯಾಯಿತು. ಅದೇ ಹೆಂಗಸು ಮಧ್ಯಾಹ್ನ ವಾರಪತ್ರಿಕೆಯ ಧಾರಾವಾಹಿ ಹಿಡಿದು ಕೂತರೆ ಗೊಣಗಾಟ ಶುರು. ಆ ಒಂದು ಗಂಟೆ ಅವಳೊಬ್ಬಳದು, ಮನೆಗೆ ಏನೂ ಬರಲಿಲ್ಲ. ಕೈ ಆಡುತ್ತಿದ್ದರೆ ಸರಿ, ಮನಸ್ಸು ಎಲ್ಲೋ ಹೋದರೆ ತಪ್ಪು ಎಂಬ ಈ ಕಟ್ಟಳೆಯಡಿ ಎಷ್ಟು ಜನ ಪುಸ್ತಕವನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ಬಚ್ಚಿಟ್ಟು ಓದಿದರೋ.

ಹಾಗಾದರೆ ಯಾರೂ ಯಾರನ್ನೂ ಏನೂ ಕೇಳಬಾರದೇ? ಕೇಳಬೇಕಾದ ಸಂಗತಿ ಎರಡಿವೆ ಎಂದು ನನಗೆ ತೋರುತ್ತದೆ. ಈ ಆಸೆಗೆ ಸಾಲ ಬೀಳುತ್ತಿದೆಯೇ, ಮತ್ತು ಈ ಹೊತ್ತಿಗೆ ಬದಲಾಗಿ ಮನೆಯಲ್ಲಿ ದುಡಿಯುತ್ತಿರುವುದು ಯಾರು. ಈ ಎರಡನ್ನು ಮನೆಯವರು ಧಾರಾಳವಾಗಿ, ಮುಖಾಮುಖಿ ಕೇಳಬಹುದು. ಇವೆರಡಕ್ಕೂ ಸರಿಯಾದ ಉತ್ತರವಿದ್ದರೆ ಕಲ್ಲು ಹುಡುಕುವವನನ್ನಾಗಲಿ ಕೊಳಲೂದುವವಳನ್ನಾಗಲಿ ತಡೆಯಲು ಯಾರಿಗೂ ಕಾರಣ ಉಳಿಯುವುದಿಲ್ಲ.

ಕರಾವಳಿಯಲ್ಲಿ ಈಗ ಹೆಂಗಸರೇ ಕಟ್ಟಿಕೊಂಡ ತಾಳಮದ್ದಳೆ ತಂಡಗಳಿವೆ. ಅರ್ಥ ಹೇಳಲು ಕೂರುವವರಲ್ಲಿ ಗೃಹಿಣಿಯರೂ ಇದ್ದಾರೆ, ಶಿಕ್ಷಕಿಯರೂ ಇದ್ದಾರೆ. ಇಂಥ ತಂಡದಲ್ಲಿರುವ ಒಬ್ಬಾಕೆಗೆ ವಾಲಿಯ ಪಾತ್ರ ಬಂತು ಎಂದುಕೊಳ್ಳಿ. ಪ್ರಸಂಗದ ಪದಗಳನ್ನು ಓದಿಕೊಳ್ಳಬೇಕು, ರಾಮನನ್ನು ಪ್ರಶ್ನಿಸಲು ವಾದ ಹೊಂದಿಸಿಕೊಳ್ಳಬೇಕು, ವಾರಕ್ಕೆರಡು ಸಂಜೆ ತಾಲೀಮಿಗೆ ಹೋಗಬೇಕು. ಆ ಎರಡು ಸಂಜೆ ಗಂಜಿಗೆ ಅಕ್ಕಿ ಹಾಕುವವರು ಯಾರು, ಮಕ್ಕಳ ಹೋಂವರ್ಕ್ ನೋಡುವವರು ಯಾರು ಎಂಬುದು ಮನೆಯಲ್ಲಿ ಮೊದಲೇ ಮಾತಾಗಬೇಕು. ಮಾಡುವ ಕೈ ಗಂಡನದಾಗಿರಬೇಕು, ಅವಳು ಕೇಳುವ ಮೊದಲೇ.